ಪುಕ್ಕಟೆ ಪ್ರಸಿದ್ಧಿಯ ಬೆಲೆ

ಊರಲ್ಲಿ ಒಂದು ವಾಚನಾಲಯವು ತೆರೆಯಲ್ಪಟ್ಟರೆ, ಶಾಲೆಗೆ ಹೊಸ ಕೋಣೆಯೊಂದು ಕಟ್ಟಲ್ಪಟ್ಟರೆ, ನೇಕಾರರ ಸಂಘವೊಂದು ಹುಟ್ಟಿದರೆ, ಅದರ ಚಾಲಕರು ಮೊಟ್ಟಮೊದಲು ಮಾಡುವ ಕೆಲಸವೇನು? ಅಧ್ಯಕ್ಷರ ಭಾವಚಿತ್ರವನ್ನೂ ನಾಲ್ಕು ಪುಟಗಳ ಸ್ತುತಿಯನ್ನೂ ಸಿದ್ಧಪಡಿಸಿ ಪತ್ರಿಕೆಯ ಕಚೇರಿಗೆ ಕಳುಹಿಸುವುದು. ಅದು ಅಚ್ಚಾಗದಿದ್ದರೆ, ಪತ್ರಿಕೆಗಳಿಗೆ ಜಗಳ ಕೊಲೆಗಳು ಬೇಕೇ ಹೊರತು ಸತ್ಕಾರ್ಯಗಳು ಬೇಡವೆಂದು ಕಂಡಕಂಡವರೆದುರು ದೂರುವುದು. ಈ ದೂರಿನಲ್ಲಿ ಸತ್ಯಾಂಶವೇ ಇಲ್ಲವೆಂದು ನಾವು ಹೇಳಲಾರೆವು. ಆದರೆ ದೂರುವ ಮಹನೀಯರು ಒಂದು ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಂಡಿರುವರೇ? ತಾವು ಕಳುಹಿಸಿದ್ದು ಬಾತಮಿಯೋ, ಬಿರುದಾವಳಿಯೋ?

ಜಾಹೀರಾತಿಗೆ ಹಣ ಕೊಡಬೇಕು, ಬಾತಮಿಗೆ ಕೊಡಬೇಕಾಗಿಲ್ಲ. ಆದುದರಿಂದ ಬಾತಮಿಯು ಪುಕ್ಕಟೆಯೆಂದು ಲೋಕವು ತಿಳಿದಿದೆ. ಇದಕ್ಕಿಂತ ದೊಡ್ಡ ಭ್ರಮೆ ಬೇರೊಂದಿಲ್ಲ. ಪತ್ರಿಕೆಯ ಆ ನಾಲ್ಕಂಗುಲ ಸ್ಥಳಕ್ಕೂ ಬೆಲೆಯುಂಟು. ಆ ಬೆಲೆಯನ್ನು ಕಾರ್ಯದಿಂದ, ಸತ್ಯದಿಂದ, ಹೊತ್ತಿಗೆ ಸರಿಯಾದ ಶ್ರಮದಿಂದ ಸಲ್ಲಿಸಬೇಕಾಗುತ್ತದೆ. ಹಾಗೆ ಸಲ್ಲಿಸಿದವರು ಯಾರಾದರೂ ಇದ್ದಾರೆಯೇ ಎಂದು ಕೇಳುವವರಿಗೆ ನಾವು 1930ರ ಉಪ್ಪಿನ ಸತ್ಯಾಗ್ರಹವನ್ನು ತೋರಿಸುತ್ತೇವೆ.

ಆ ವರ್ಷದ ಮಾರ್ಚ್ 2ರಂದು ಗಾಂಧೀಜಿಯವರು ವೈಸರಾಯ್ ಇರ್ವಿನ್ ಪ್ರಭುವಿಗೆ ಒಂದು ಪತ್ರ ಬರೆದರು. ಪ್ರಭುವಿನ ಸಂಬಳವು ತಿಂಗಳಿಗೆ 21,000 ರೂಪಾಯಿ, ಅಂದರೆ ದಿನಕ್ಕೆ 700 ರೂಪಾಯಿ. ಹಿಂದುಸ್ಥಾನದ ಸಾಮಾನ್ಯನ ಗಳಿಕೆಯಾದರೋ ದಿನಕ್ಕೆ ಎರಡಾಣೆಗಿಂತಲೂ ಕಡಿಮೆ ಎಂದು ಅದರಲ್ಲಿ ಲೆಕ್ಕಹಾಕಿ ತೋರಿಸಿದ್ದರು. ನೂರು ಭಾಷಣಗಳು ಮಾಡಲಾರದುದನ್ನು ಈ ಎರಡು ಅಂಕೆಗಳು ಮಾಡಿದುವು. ಓದುಬರಹವಿಲ್ಲದವನಿಗೂ ಅವು ತಿಳಿಯುತ್ತಿದ್ದುವು. ಯಾವ ದೇಶದ ಪತ್ರಿಕೆಯೂ ಅವನ್ನು ಎರಡು ಸಾಲಿನಲ್ಲಿ ಅಚ್ಚುಮಾಡಬಹುದಾಗಿತ್ತು. ಪತ್ರವನ್ನು ಒಯ್ದು ಕೊಟ್ಟವನು ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಇಂಗ್ಲಿಷ್ ತರುಣನು. ಹೋರಾಟವು ಆಂಗ್ಲ ಜನರ ಮೇಲಲ್ಲ, ಅವರ ಆಡಳಿತದ ಅನ್ಯಾಯದ ಮೇಲೆ ಎಂಬುದನ್ನು ಆ ದೂತನ ಆಯ್ಕೆಯೇ ಸಾರಿತು.

ಮಾರ್ಚ್ 12ರಂದು 78 ಜನ ಸಂಗಡಿಗರೊಡನೆ ಸಾಬರಮತಿಯಿಂದ ದಂಡಿಯ ಕಡೆಗೆ ಯಾತ್ರೆ ಹೊರಟಿತು. ರೈಲಿನಲ್ಲಿ ಹೋಗಿದ್ದರೆ ಒಂದು ದಿನದಲ್ಲಿ ಮುಗಿಯುತ್ತಿದ್ದ ಪ್ರಯಾಣವದು. ಆಗ ಒಂದು ದಿನದ ಬಾತಮಿಯಷ್ಟೇ ಆಗುತ್ತಿತ್ತು. ಸುಮಾರು 240 ಮೈಲುಗಳನ್ನು ಕಾಲ್ನಡಿಗೆಯಿಂದ ನಡೆದುದರಿಂದ ದಿನಕ್ಕೊಂದು ಊರು, ದಿನಕ್ಕೊಂದು ಭಾಷಣ, ದಿನಕ್ಕೊಂದು ಬಾತಮಿ ದೊರೆಯಿತು. ಯಾತ್ರಿಕರ ಹೆಸರುಗಳೂ ತಂಗುವ ಊರುಗಳೂ ಮುಂಚಿತವಾಗಿಯೇ ಪ್ರಕಟವಾಗಿದ್ದುವು. ಬಾತಮಿದಾರನು ಯಾರನ್ನೂ ಹುಡುಕಿಕೊಂಡು ಅಲೆಯಬೇಕಾಗಿರಲಿಲ್ಲ. ವಿದ್ಯಾರ್ಥಿಗಳ ತುಕಡಿಯೊಂದು ಮುಂದಾಗಿ ಹೋಗಿ ಹಳ್ಳಿಗಳ ಸ್ಥಿತಿಗತಿಯನ್ನು ವಿಚಾರಿಸಿಡುತ್ತಿತ್ತು. ಆದುದರಿಂದ ಗಾಂಧೀಜಿಯವರು ಆಡುವ ಮಾತು ಆಯಾ ಊರಿನ ಮಾತೇ ಆಗಿರುತ್ತಿತ್ತು. ಏಪ್ರಿಲ್ 6ರಂದು ಅವರು ಒಂದು ಹಿಡಿ ಉಪ್ಪನ್ನೆತ್ತಿದಾಗ ಜಗತ್ತೇ ಆ ಕೈಯನ್ನು ನೋಡುತ್ತಿತ್ತು. ಯಾತ್ರೆಯ ಆರಂಭದಲ್ಲಿ ಅವರ ಕೃಶಕಾಯವನ್ನು ಗೇಲಿಮಾಡಿದ ಅಮೆರಿಕದ ‘ಟೈಮ್’ ಸಾಪ್ತಾಹಿಕವು ಕೊನೆಗೆ ಅವರನ್ನೇ 1930ರ ವರ್ಷದ ಪುರುಷನೆಂದು ಆರಿಸಿತು.

ಈ ಯಾತ್ರೆಯಲ್ಲಿ ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ನಡೆದಿದ್ದರೆಂಬುದನ್ನು ಕನ್ನಡಿಗರು ಮರೆಯಲಾಗದು. ಅದೇ ಏಪ್ರಿಲಿನಲ್ಲಿ ಅಂಕೋಲೆಯ ಕಡಲತಡಿಯಲ್ಲಿಯೂ ಉಪ್ಪಿನ ಕಾಯಿದೆ ಮುರಿಯಲ್ಪಟ್ಟಿತು.

ಆದರೆ ಅವರು ಮಹಾತ್ಮರು, ಪತ್ರಿಕೆಗಳು ತಾವಾಗಿಯೇ ಬೆನ್ನು ಹತ್ತಿದುವು, ನಮ್ಮಂಥವರ ಪಾಡೇನು ಎಂದು ಕೆಲವರು ಆಕ್ಷೇಪಿಸಬಹುದು. ಅವರು ಧಾರಾಸನದ ಕಥೆಯನ್ನು ಕೇಳಲಿ. ಮೇ 21ರಂದು ಅಲ್ಲಿಯ ಉಪ್ಪಿನ ಕೋಠಿಯ ಮೇಲೆ ಸತ್ಯಾಗ್ರಹಿಗಳು ಸಾಗಿದಾಗ ಗಾಂಧೀಜಿಯವರು ಸೆರೆಮನೆಯಲ್ಲಿದ್ದರು. ಸರೋಜಿನಿ ನಾಯಡು ಅವರ ನೇತೃತ್ವದಲ್ಲಿ ಸಾಲುಸಾಲಾಗಿ ನಡೆದವರಲ್ಲಿ ಬಹುತೇಕರು ಹೆಸರಿಲ್ಲದ ಜನ. ಪೊಲೀಸರ ಲಾಠಿಗಳು ತಲೆಯ ಮೇಲೆ ಬಿದ್ದರೂ ಅವರು ಕೈಯೆತ್ತಿ ತಡೆಯಲಿಲ್ಲ. ಯುನೈಟೆಡ್ ಪ್ರೆಸ್ಸಿನ ವೆಬ್ ಮಿಲ್ಲರ್ ಎಂಬ ಅಮೆರಿಕದ ಬಾತಮಿದಾರನು ಅದನ್ನು ಕಣ್ಣಾರೆ ಕಂಡನು. ಚಿಕಿತ್ಸೆಯ ಚಪ್ಪರಕ್ಕೆ ಹೋಗಿ 320 ಜನ ಗಾಯಗೊಂಡವರನ್ನು ತಾನೇ ಎಣಿಸಿದನು, ಇಬ್ಬರು ತೀರಿಕೊಂಡಿದ್ದರು. ಸರಕಾರವು ಅವನ ತಂತಿಗಳನ್ನು ತಡೆಯಲೆತ್ನಿಸಿತು. ಆದರೂ ಆ ವರದಿಯು ಹೊರಬಿದ್ದು ನಾನಾ ದೇಶಗಳ ಪತ್ರಿಕೆಗಳಲ್ಲಿ ಅಚ್ಚಾಯಿತು. ಅಮೆರಿಕದ ಸೆನೆಟ್ ಸಭೆಯಲ್ಲಿಯೂ ಓದಲ್ಪಟ್ಟಿತು. ಮಿಲ್ಲರನಿಗೆ ಯಾರೂ ಒಂದು ಕಾಸನ್ನೂ ಕೊಟ್ಟಿರಲಿಲ್ಲ. ಆದರೆ ಆ ಬಾತಮಿಯನ್ನು ಪುಕ್ಕಟೆಯೆಂದು ಕರೆಯುವ ಎದೆ ಯಾರಿಗಿದೆ?

ಇಷ್ಟು ಬೆಲೆಯನ್ನು ನಮ್ಮ ವಾಚನಾಲಯದವರಿಂದ ಯಾರೂ ಕೇಳುವುದಿಲ್ಲ. ಆದರೆ ಮಾರ್ಗವು ಒಂದೇ. ಸಮಾರಂಭದ ಬಾತಮಿಯನ್ನು ಅದು ಮುಗಿದ ಎಂಟು ದಿನಗಳ ಮೇಲೆ ಕಳುಹಿಸದೆ, ಎಂಟು ದಿನ ಮೊದಲೇ ತಿಳಿಸಿರಿ. ಏನು, ಎಲ್ಲಿ, ಎಂದು, ಯಾರಿಂದ ಎಂಬುದು ಮೊದಲ ವಾಕ್ಯದಲ್ಲಿಯೇ ಇರಲಿ. ಅಧ್ಯಕ್ಷರು ಉದಾರಿಗಳೆಂದು ಬರೆಯುವ ಬದಲು, ಎಷ್ಟು ಮಕ್ಕಳು ಎಷ್ಟು ಮೈಲು ನಡೆದು ಶಾಲೆಗೆ ಬರುತ್ತಾರೆಂದು ಎಣಿಸಿ ಬರೆಯಿರಿ. ಬಾತಮಿದಾರನು ಬಂದರೆ ಮಾಲೆ ಹಾಕಬೇಡಿರಿ. ಆ ಮಕ್ಕಳೊಡನೆ ಮಾತನಾಡಲು ಬಿಡಿರಿ. ಅವನು ಕುಂದನ್ನು ಕಂಡು ಬರೆದರೆ ಮುನಿಯಬೇಡಿರಿ. ಇಂದು ತಪ್ಪನ್ನು ಬರೆಯಲು ಸ್ವತಂತ್ರನಾದವನು ನಾಳೆ ಬರೆಯುವ ಒಳ್ಳೆಯ ಮಾತನ್ನೇ ಲೋಕವು ನಂಬುತ್ತದೆ.

ಆ ನಂಬಿಕೆಗೇ ಈಗ ಕೊಡಲಿಯೇಟು ಬಿದ್ದಿದೆ. ಹಣ ತೆಗೆದುಕೊಂಡು ಜಾಹೀರಾತನ್ನು ಬಾತಮಿಯ ವೇಷದಲ್ಲಿ ಅಚ್ಚುಮಾಡುವ ಪಿಡುಗಿನ ವಿಷಯದಲ್ಲಿ ಭಾರತೀಯ ಪತ್ರಿಕಾ ಮಂಡಳಿಯೇ 2010ರಲ್ಲಿ ವರದಿ ಹೊರಡಿಸಬೇಕಾಯಿತು. ಮಾರುವವನಷ್ಟೇ ಕೊಳ್ಳುವವನೂ ಅಪರಾಧಿಯಲ್ಲವೇ? ಸತ್ಕಾರ್ಯಕ್ಕಾಗಿ ಕೊಟ್ಟೆವೆಂದು ಹೇಳಿಕೊಂಡರೂ ವಾಚಕನಿಗೆ ಮೋಸವಾಗುವುದು ತಪ್ಪುವುದಿಲ್ಲ. ಇಂದು ಪ್ರತಿಯೊಬ್ಬನ ಕೈಯಲ್ಲಿ ಮೊಬೈಲ್ ಇದೆ. ಪತ್ರಿಕೆಯ ಹಂಗಿಲ್ಲದೆಯೇ ತನ್ನ ಡೋಲನ್ನು ತಾನು ಬಾರಿಸಬಹುದು. ಹಾಗೆ ಎಲ್ಲರೂ ಬಾರಿಸುತ್ತಿರುವಾಗ, ಬೇರೊಬ್ಬನು ಬಂದು ನೋಡಿ, ಎಣಿಸಿ, ಬರೆದ ಒಂದು ಮಾತಿನ ಬೆಲೆಯು ಇಮ್ಮಡಿಯಾಗಿದೆ.

ಆದುದರಿಂದ ಕೆಲಸವನ್ನು ಹೊರಡಿಸುವ ಮೊದಲು ಪ್ರತಿಯೊಂದು ಸಂಘವೂ ತನ್ನನ್ನು ಹೀಗೆ ಪರೀಕ್ಷಿಸಿಕೊಳ್ಳಲಿ: ಒಂದೇ ಒಂದು ಪತ್ರಿಕೆಯೂ ಇದನ್ನು ಬರೆಯದಿದ್ದರೆ ನಾವು ಈ ಕೆಲಸವನ್ನು ಮಾಡುವೆವೇ? ಧಾರಾಸನದಲ್ಲಿ ನಡೆದವರು ಮಿಲ್ಲರನು ಬಾರದಿದ್ದರೂ ನಡೆಯುತ್ತಿದ್ದರು. ಮಾಡುವೆವೆಂಬ ಉತ್ತರ ಬಂದರೆ ನಿಶ್ಚಿಂತರಾಗಿ ಆರಂಭಿಸಿರಿ, ಮತ್ತು ಬಾತಮಿದಾರನಿಗೆ ಹೊತ್ತಿಗೆ ಸರಿಯಾಗಿ ಒಂದು ಕಾಗದ ಬರೆಯಿರಿ. ಇಲ್ಲವೆಂಬ ಉತ್ತರ ಬಂದರೆ ಭಾವಚಿತ್ರ ತೆಗೆಸುವ ಖರ್ಚನ್ನಾದರೂ ಉಳಿಸಿರಿ.