ಹಕ್ಕು ಸರ್ಕಾರ ಹಾಕುವ ಭಿಕ್ಷೆಯಲ್ಲ!

ಗೆಳೆಯಾ, ಗೆಳತೀ,

ಬೆಂಗಳೂರಿನ ಫ್ರೀಡಂ ಪಾರ್ಕಿಗೆ ನೀನು ಹೋಗಿರುತ್ತೀಯ. ಕನ್ನಡದ ಬಾವುಟ ಹಿಡಿದು ಘೋಷಣೆ ಕೂಗಿರುತ್ತೀಯ. ಇಲ್ಲವೇ ಬಸ್ಸಿನ ಕಿಟಕಿಯಿಂದಲಾದರೂ ನೋಡಿರುತ್ತೀಯ. ಆ ಜಾಗ ಮೊದಲು ಏನಾಗಿತ್ತು ಗೊತ್ತೇ? ಸೆಂಟ್ರಲ್ ಜೈಲು! ಕಾವಲು ಗೋಪುರ ಇವತ್ತೂ ಅಲ್ಲೇ ನಿಂತಿದೆ. ಜೈಲಿಗೆ ಬಣ್ಣ ಬಳಿದು ಸ್ವಾತಂತ್ರ್ಯದ ಹೆಸರಿಟ್ಟರು. ಆ ಗೋಡೆಗಳ ಹಿಂದೆ ನಡೆದದ್ದನ್ನು ಮಾತ್ರ ನಿನಗೆ ಯಾರೂ ನೆಟ್ಟಗೆ ಹೇಳಲಿಲ್ಲ. ಇವತ್ತು ಕೇಳು.

1975ರ ಜೂನ್ 25ರ ರಾತ್ರಿ ಇಂದಿರಾ ಗಾಂಧಿ ಸರ್ಕಾರ ದೇಶದ ಮೇಲೆ ತುರ್ತು ಪರಿಸ್ಥಿತಿ ಹೇರಿತು. ಸಂಸತ್ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರನ್ನು ಹಿಡಿದು ಇದೇ ಜೈಲಿಗೆ ತಳ್ಳಿದರು. ಇವರು ದೊಡ್ಡವರು. ಹೊರಗೆ ಬಂದು ಮಂತ್ರಿಗಳಾದರು, ಒಬ್ಬರು ಪ್ರಧಾನಿಯೇ ಆದರು.

ಸ್ನೇಹಲತಾ ರೆಡ್ಡಿಯ ಕತೆ ಬೇರೆ. 1970ರ 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯಾದವಳು ಈಕೆ. ಸೆನ್ಸಾರ್ ಮಂಡಳಿ ತಡೆಯಲು ನೋಡಿದ, ಕೊನೆಗೆ ದೇಶದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿಯನ್ನು ಮೊದಲ ಸಲ ಕನ್ನಡಕ್ಕೆ ತಂದ ಚಿತ್ರ ಅದು. 1976ರ ಮೇ ತಿಂಗಳಲ್ಲಿ ಪೊಲೀಸರು ಆಕೆಯನ್ನು ಹಿಡಿದರು. ಬರೋಡಾ ಡೈನಮೈಟ್ ಪ್ರಕರಣದ ಹೆಸರು ಹೇಳಿದರು. ಕೊನೆಗೆ ದೋಷಾರೋಪ ಪಟ್ಟಿಯಲ್ಲಿ ಆಕೆಯ ಹೆಸರೇ ಇರಲಿಲ್ಲ! ವಿಚಾರಣೆ ಇಲ್ಲದೆ ಕೂಡಿಹಾಕಲು 'ಮೀಸಾ' ಎಂಬ ಕಾಯ್ದೆ ಇತ್ತಲ್ಲ, ಅದೇ ಸಾಕಾಯಿತು. ಆಕೆಗೆ ಆಸ್ತಮಾ. ಜೈಲಿನಲ್ಲಿ ಉಸಿರಿಗಾಗಿ ಒದ್ದಾಡಿದಳು. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಜನವರಿ 20ರಂದು ಸತ್ತಳು. ಐದೇ ದಿನ!

ಕೋರ್ಟು ಏನು ಮಾಡುತ್ತಿತ್ತು ಎಂದು ಕೇಳುತ್ತೀಯ. ಬಂಧನಕ್ಕೊಳಗಾದವರು ಕೋರ್ಟಿಗೆ ಹೋಗಿದ್ದರು. ಬಂಧನ ಕಾನೂನುಬದ್ಧವೇ ಎಂದು ನಾವು ನೋಡಬಹುದು ಎಂದು ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳು ಹೇಳಿದವು. ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಓಡಿತು. ಅದರ ವಾದ ಇಷ್ಟೇ: ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಇರುವುದು ಸಂವಿಧಾನದ 21ನೇ ವಿಧಿಯಲ್ಲಿ; ಆ ವಿಧಿಗಾಗಿ ಕೋರ್ಟಿಗೆ ಹೋಗುವುದನ್ನು ಅಮಾನತಿನಲ್ಲಿ ಇಟ್ಟಿದ್ದೇವೆ; ಹಾಗಾಗಿ ಯಾರೂ ಕೇಳುವಂತಿಲ್ಲ. ಆಗ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಂದು ಪ್ರಶ್ನೆ ಹಾಕಿದರು. ಪೊಲೀಸನೊಬ್ಬ ಸ್ವಂತ ದ್ವೇಷಕ್ಕೆ ಒಬ್ಬನನ್ನು ಕೊಂದರೂ ಪರಿಹಾರ ಇಲ್ಲವೇ? ಸರ್ಕಾರದ ಅಟಾರ್ನಿ ಜನರಲ್ ಉತ್ತರ ಕೊಟ್ಟರು: ತುರ್ತು ಪರಿಸ್ಥಿತಿ ಇರುವ ತನಕ ಇಲ್ಲ!

1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಮಾತಿಗೆ ತಲೆಯಾಡಿಸಿದರು. ಖನ್ನಾ ಒಬ್ಬರೇ ಆಗದು ಎಂದರು. ಸಂವಿಧಾನ ಬರುವುದಕ್ಕೆ ಮೊದಲೂ ಕಾನೂನಿಲ್ಲದೆ ಯಾರ ಜೀವವನ್ನೂ ತೆಗೆಯುವಂತಿರಲಿಲ್ಲ, 21ನೇ ವಿಧಿಯೊಂದೇ ಆ ಹಕ್ಕಿನ ಮನೆಯಲ್ಲ ಎಂದರು. ಅದಕ್ಕೆ ಸಿಕ್ಕ ಬಹುಮಾನ? 1977ರ ಜನವರಿಯಲ್ಲಿ ಅವರನ್ನು ದಾಟಿ ಅವರಿಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಖನ್ನಾ ರಾಜೀನಾಮೆ ಬಿಸಾಕಿ ಹೊರಟರು.

ನಿನಗೆ ನಾನು ಹೇಳಬೇಕಾದ್ದು ಇದೇ. ಹಕ್ಕು ಎನ್ನುವುದು ಸರ್ಕಾರ ಕೊಟ್ಟ ರೇಷನ್ ಕಾರ್ಡ್ ಅಲ್ಲ, ಬೇಕೆಂದಾಗ ರದ್ದು ಮಾಡಲು. ನೀನು ಹುಟ್ಟಿದಾಗ ಉಸಿರು ತಂದೆ. ಅವ್ವನ ಮಡಿಲಲ್ಲಿ ಮಾತು ಕಲಿತೆ. ಯಾವ ತಹಶೀಲ್ದಾರರ ಸಹಿ ಬೇಕಾಯಿತು? ಬದುಕುವುದು, ಮಾತಾಡುವುದು, ನಾಲ್ಕು ಜನ ಸೇರಿ ಅನ್ಯಾಯ ಎನ್ನುವುದು, ಇವೆಲ್ಲ ವಿಧಾನಸೌಧಕ್ಕಿಂತ ಹಳೆಯವು. ಸಂವಿಧಾನ ಅವುಗಳಿಗೆ ಕಾವಲು ಕೊಟ್ಟಿತು.

ಇದನ್ನು ಸುಪ್ರೀಂ ಕೋರ್ಟಿನ ಬಾಯಲ್ಲಿ ಹೇಳಿಸಿದ ಪ್ರಕರಣ ಯಾರದು? ಒಬ್ಬ ಕನ್ನಡಿಗರದು! ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಕೇಂದ್ರ ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೌದು, ಅದು ಮೂಲಭೂತ ಹಕ್ಕು ಎಂದರು. ಜೀವ, ಸ್ವಾತಂತ್ರ್ಯಗಳು ಸಂವಿಧಾನ ಹುಟ್ಟಿಸಿದ ಹಕ್ಕುಗಳಲ್ಲ, ಮನುಷ್ಯನ ಜೊತೆ ಬಂದವು ಎಂದರು. 1976ರ ತೀರ್ಪನ್ನು ಕಸದ ಬುಟ್ಟಿಗೆ ಹಾಕಿದರು. ಅಂದಿನ ನಾಲ್ವರಲ್ಲಿ ಒಬ್ಬರಾದ ವೈ.ವಿ. ಚಂದ್ರಚೂಡರ ಮಾತನ್ನು ಅವರ ಮಗನೇ ತಳ್ಳಿಹಾಕಿದರು!

ಹಾಗಾದರೆ ಸರ್ಕಾರವೇ ಬೇಡವೇ ಎಂದು ಕುಹಕಿಗಳು ಕೇಳುತ್ತಾರೆ. ಬೇಕು. ಹೊಲಕ್ಕೆ ಬೇಲಿ ಬೇಕು. ಬೇಲಿಯೇ ಎದ್ದು ಹೊಲ ಮೇಯಬಾರದು. ಅದೇ ತೀರ್ಪು ಮೂರು ಗೆರೆ ಎಳೆದಿದೆ. ನಿನ್ನ ಹಕ್ಕಿನ ಮೇಲೆ ಸರ್ಕಾರ ಕೈ ಇಡಬೇಕಾದರೆ ಅದಕ್ಕೊಂದು ಕಾನೂನು ಇರಬೇಕು. ನ್ಯಾಯವಾದ ಉದ್ದೇಶ ಇರಬೇಕು. ಆ ಉದ್ದೇಶಕ್ಕೆ ತಕ್ಕಷ್ಟೇ ಬಿಗಿ ಇರಬೇಕು. ನೊಣ ಹೊಡೆಯಲು ಒನಕೆ ಎತ್ತಬಾರದು. ಈ ಅಳತೆಗೋಲು ಹಿಡಿದೇ 2018ರಲ್ಲಿ ಕೋರ್ಟು ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್ಮಿಗೆ ಆಧಾರ್ ಕಡ್ಡಾಯ ಎಂಬುದನ್ನು ಹೊಡೆದುಹಾಕಿತು.

ಇದರಲ್ಲಿ ಕನ್ನಡದ ಮಾತೆಲ್ಲಿ ಬಂತು ಎನ್ನಬೇಡ. ಅರ್ಥವಾಗದ ಭಾಷೆಯಲ್ಲಿ ಬರೆದ ಹಕ್ಕು ಬೀಗ ಹಾಕಿದ ಪೆಟ್ಟಿಗೆ. ಹರಿಕಿಸನ್ ಎಂಬ ಮಹಾರಾಷ್ಟ್ರದ ಬಂಧಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದರು. ನನಗೆ ಇಂಗ್ಲಿಷ್ ಬಾರದು, ಹಿಂದಿಯಲ್ಲಿ ಕೊಡಿ ಎಂದ. ಅಧಿಕಾರಿಗಳು ಕೊಡಲಿಲ್ಲ. ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡದಿದ್ದರೆ ಕೊಟ್ಟಂತೆಯೇ ಅಲ್ಲ ಎಂದು 1962ರಲ್ಲಿ ಸುಪ್ರೀಂ ಕೋರ್ಟು ಆತನನ್ನು ಬಿಡಿಸಿತು. ಹಿಂದಿಯವನಿಗೆ ಹಿಂದಿ ಸಿಗುವುದಾದರೆ ಕನ್ನಡಿಗನಿಗೆ ಕನ್ನಡ ಯಾಕಿಲ್ಲ? 350ನೇ ವಿಧಿಯಂತೆ ಕೇಂದ್ರದ ಕಚೇರಿಗೂ ನಿನ್ನ ದೂರನ್ನು ಕನ್ನಡದಲ್ಲಿ ಕೊಡಬಹುದು. ಎಷ್ಟು ಸಲ ಕೊಟ್ಟಿದ್ದೀಯ?

ಈಗ ಫ್ರೀಡಂ ಪಾರ್ಕಿಗೆ ವಾಪಸು ಬಾ. 2021ರಲ್ಲಿ ಪೊಲೀಸ್ ಆದೇಶ ಬಂತು: ಬೆಂಗಳೂರಿನಲ್ಲಿ ಪ್ರತಿಭಟನೆ ಏನಿದ್ದರೂ ಇಲ್ಲಿ ಮಾತ್ರ. ಆಯುಧವಿಲ್ಲದೆ ಶಾಂತವಾಗಿ ಸೇರುವ ಹಕ್ಕನ್ನು 19ನೇ ವಿಧಿ ದೇಶದ ಪ್ರಜೆಗೆಲ್ಲ ಬರೆದುಕೊಟ್ಟಿದೆ. ಅದನ್ನು ಹಳೇ ಜೈಲಿನ ಅಂಗಳಕ್ಕೆ ತಂದು ಕಟ್ಟಿದರು! ಟ್ರಾಫಿಕ್ಕಿಗೆ ತೊಂದರೆ ಎನ್ನುತ್ತಾರೆ. ತೊಂದರೆ ಆಗದ ಹಾಗೆ ಸಮಯ ಗೊತ್ತು ಮಾಡಿ, ದಾರಿ ಗೊತ್ತು ಮಾಡಿ. ಇಡೀ ಊರನ್ನೇ ಮುಚ್ಚುವುದು ತಕ್ಕಷ್ಟು ಬಿಗಿಯೇ?

ಕೊನೆಗೆ ನಮ್ಮ ಮೈಗೇ ಚುಚ್ಚುವ ಒಂದು ಮಾತು. ಬೇರೆಯವರ ಸಭೆಗೆ ಲಾಠಿ ಬೀಸಿದಾಗ ನಮ್ಮಲ್ಲೂ ಕೆಲವರು ಚಪ್ಪಾಳೆ ಹೊಡೆಯುತ್ತಾರೆ. ನಮಗೆ ಆಗದವರಲ್ಲವೇ, ಬೀಳಲಿ ಅನ್ನುತ್ತಾರೆ. ಮೂರ್ಖತನ! ಲಾಠಿಗೆ ಭಾಷೆ ಗೊತ್ತಿಲ್ಲ. ಅವರ ಬೆನ್ನಿಗೆ ಬಿದ್ದದ್ದು ನಾಳೆ ನಿನ್ನ ಬೆನ್ನಿಗೂ ಬೀಳುತ್ತದೆ. ನಿನ್ನ ಎದುರಾಳಿಗೆ ಇಲ್ಲದ ಹಕ್ಕು ನಿನಗೂ ಇಲ್ಲ.

ಆದ್ದರಿಂದ ಗೆಳೆಯಾ, ಗೆಳತೀ, ಖಾಕಿ ಕಂಡಾಗ, ಕುರ್ಚಿ ಕಂಡಾಗ ಕೈ ಮುಗಿದು ದಮ್ಮಯ್ಯ ಎನ್ನಬೇಡ. ಕಲ್ಲನ್ನೂ ಎತ್ತಬೇಡ. ನೆಟ್ಟಗೆ ನಿಂತು ಕೇಳು: ಯಾವ ಕಾನೂನು? ಯಾವ ಕಲಮು? ಬರೆದು ಕೊಡಿ. ಕನ್ನಡದಲ್ಲಿ ಕೊಡಿ!