ಏರಿ ಒಸರುವಾಗಲೇ ಎಚ್ಚರವಾಗಬೇಕು

ರಾತ್ರಿ ಹಚ್ಚಿಟ್ಟ ಬ್ಯಾಕಪ್ ನೂರಕ್ಕೆ ಅರವತ್ತರಷ್ಟು ಮುಗಿದು ನಿಂತುಬಿಟ್ಟಿದೆ. ಬೆಳಿಗ್ಗೆ ಬಂದ ಸಿಬ್ಬಂದಿ ಸರ್ವರ್ ರೀಸ್ಟಾರ್ಟ್ ಮಾಡುತ್ತಾರೆ. ಇಮೇಲ್ ತೆರೆಯುತ್ತದೆ, ಬಿಲ್ಲಿಂಗ್ ನಡೆಯುತ್ತದೆ, ಪ್ರಿಂಟರ್ ಓಡುತ್ತದೆ. ‘ಏನೋ ನೆಟ್‌ವರ್ಕ್ ಪ್ರಾಬ್ಲಂ ಇತ್ತು, ಈಗ ಸರಿಹೋಯ್ತು’ ಎಂಬ ಮಾತಿಗೆ ಅಂದಿನ ವಿಚಾರಣೆ ಮುಗಿಯುತ್ತದೆ. ಮೂರು ವಾರ ಬಿಟ್ಟು ಮತ್ತೆ ಅದೇ. ಆಸ್ಪತ್ರೆ, ಕಾಲೇಜು, ಮುದ್ರಣಾಲಯ, ಸಹಕಾರ ಸಂಘ, ಸರ್ಕಾರಿ ಕಚೇರಿ, ಎಲ್ಲೆಡೆಯೂ ಈ ಮಾತು ಕೇಳಿ ಕೇಳಿ ಕಿವಿಗೆ ಒಗ್ಗಿಹೋಗಿದೆ. ಹಾಗೆ ಒಗ್ಗಿರುವುದೇ ನಮ್ಮ ಕಳವಳ. ದೊಡ್ಡ ಕಡತ ಸಾಗುವಾಗ ಸಂಪರ್ಕ ಕಡಿದರೆ ಅದನ್ನು ಮುಂದೆ ಬರಬಹುದಾದ ನಷ್ಟದ ಮೊದಲ ಸೂಚನೆ ಎಂದೇ ತಿಳಿಯಬೇಕು. ನಾವು ಆ ಸೂಚನೆಯನ್ನು ಪ್ರತಿಸಲವೂ ರೀಸ್ಟಾರ್ಟ್ ಗುಂಡಿ ಒತ್ತಿ ಅಳಿಸಿಹಾಕುತ್ತಿದ್ದೇವೆ.

ಕೆರೆ ಅರ್ಧ ತುಂಬಿರುವಾಗ ಏರಿಯ ದೋಷ ಕಾಣುವುದಿಲ್ಲ. ನೀರು ಕೋಡಿಯ ಮಟ್ಟಕ್ಕೆ ಬಂದ ದಿನ ಏರಿಯ ಹೊರಮೈ ಒಸರುತ್ತದೆ. ಸರ್ವರಿನ ಲೆಕ್ಕವೂ ಹೀಗೆಯೇ. ಸಾಮಾನ್ಯ ನೆಟ್‌ವರ್ಕಿನಲ್ಲಿ 50 ಕೆಬಿಯ ಇಮೇಲ್ ಸುಮಾರು 35 ತುಣುಕುಗಳಾಗಿ, ಅಂದರೆ ಪ್ಯಾಕೆಟ್‌ಗಳಾಗಿ ಹೋಗುತ್ತದೆ. 100 ಜಿಬಿಯ ಕಡತ ಅದೇ ದಾರಿಯಲ್ಲಿ 6.8 ಕೋಟಿಗೂ ಹೆಚ್ಚು ಪ್ಯಾಕೆಟ್‌ಗಳಾಗಿ ಹೋಗಬೇಕು. ಅಮೆರಿಕದ ಇಂಧನ ಇಲಾಖೆಯ ಸಂಶೋಧನಾ ಜಾಲವಾದ ಇಎಸ್‌ನೆಟ್‌ನ ಎಂಜಿನಿಯರುಗಳು ಒಂದು ಪ್ರಕರಣ ದಾಖಲಿಸಿದ್ದಾರೆ: ಕೆಡುತ್ತಿದ್ದ ರೂಟರ್ ಕಾರ್ಡೊಂದು 22,000ಕ್ಕೆ ಒಂದರಂತೆ ಪ್ಯಾಕೆಟ್ ಕಳೆಯುತ್ತಿತ್ತು. ರೂಟರಿನ ಸ್ವಂತ ತಪಾಸಣೆಗೆ ಅದು ಸಿಕ್ಕಿರಲಿಲ್ಲ. ಹೊರಗಿನಿಂದ ಸತತವಾಗಿ ಅಳೆಯುತ್ತಿದ್ದ ಸಾಧನ ಪತ್ತೆಹಚ್ಚಿತು. ಅಂಥ ದಾರಿಯಲ್ಲಿ ಇಮೇಲ್‌ಗಳು ಹೆಚ್ಚುಕಡಿಮೆ ಎಲ್ಲವೂ ಕ್ಷೇಮವಾಗಿ ತಲುಪುತ್ತವೆ. ನಮ್ಮ 100 ಜಿಬಿ ಕಡತಕ್ಕೆ ಮಾತ್ರ ಮೂರು ಸಾವಿರಕ್ಕೂ ಹೆಚ್ಚು ಸಲ ಪೆಟ್ಟು ಬೀಳುತ್ತದೆ. ‘ಪಿಂಗ್ ಬರ್ತಾ ಇದೆ, ಲೈನ್ ಚೆನ್ನಾಗಿದೆ’ ಎನ್ನುವವರು ಅರ್ಧ ಕೆರೆಯನ್ನು ನೋಡಿ ಏರಿಗೆ ಪ್ರಮಾಣಪತ್ರ ಕೊಟ್ಟಂತೆ.

ಕಳೆದ ಪ್ಯಾಕೆಟ್ಟನ್ನು ಟಿಸಿಪಿ ಎಂಬ ಸಾಗಣೆಯ ಪ್ರೋಟೊಕಾಲ್ ಮತ್ತೆ ಕಳಿಸುತ್ತದೆ, ವೇಗ ತಗ್ಗಿಸಿಕೊಂಡು ಕೆಲಸ ಮುಂದುವರಿಸುತ್ತದೆ. ಈ ಸಂಯಮವನ್ನು ಅದು ಕಲಿತದ್ದು ದೊಡ್ಡ ಪೆಟ್ಟು ತಿಂದ ಮೇಲೆ. 1986ರ ಅಕ್ಟೋಬರಿನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಅಲ್ಲೇ ಸುಮಾರು 400 ಗಜ ದೂರದ ಬರ್ಕ್ಲಿ ವಿಶ್ವವಿದ್ಯಾಲಯದ ನಡುವಿನ ವೇಗ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿದಿತ್ತು. ತುಂಬಿ ಕಟ್ಟಿಕೊಂಡಿದ್ದ ದಾರಿಗೆ ಯಂತ್ರಗಳು ಕಳೆದದ್ದನ್ನೆಲ್ಲ ಮತ್ತೆ ಮತ್ತೆ ತುರುಕುತ್ತಿದ್ದವು. ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ವಿಧಾನಗಳು ಟಿಸಿಪಿಗೆ ತಡೆದು ನಡೆಯುವುದನ್ನು ಕಲಿಸಿದವು. ಆದರೆ ಈ ಒಳ್ಳೆಯ ಗುಣದ ಇನ್ನೊಂದು ಮುಖವನ್ನೂ ನಾವು ನೋಡಬೇಕು. ಟಿಸಿಪಿ ದೋಷವನ್ನು ತನ್ನ ಮೈಮೇಲೆ ಹಾಕಿಕೊಂಡು ನಮಗೆ ಬರೀ ನಿಧಾನವನ್ನು ತೋರಿಸುತ್ತದೆ. ಹಾಗಾಗಿ ನಿಧಾನವಾಗುವುದೂ ಒಂದು ದೂರು. ಮೊನ್ನೆ ಹದಿನೈದು ನಿಮಿಷಕ್ಕೆ ಮುಗಿಯುತ್ತಿದ್ದ ಕೆಲಸ ಇಂದು ಎರಡೂವರೆ ಗಂಟೆ ತೆಗೆದುಕೊಂಡರೆ ಗಿಗಾಬಿಟ್ ಲೈನು 100 ಮೆಗಾಬಿಟ್‌ಗೆ ಇಳಿದಿದೆಯೇ ಎಂದು ಮೊದಲು ನೋಡಬೇಕು. ಗಿಗಾಬಿಟ್ ವೇಗಕ್ಕೆ ಕೇಬಲ್ಲಿನ ನಾಲ್ಕೂ ಜೊತೆ ತಂತಿ ಬೇಕು, 100 ಮೆಗಾಬಿಟ್‌ಗೆ ಎರಡು ಜೊತೆ ಸಾಕು. ಇಲಿ ಕಡಿದ ಒಂದೇ ಒಂದು ತಂತಿ ಇಷ್ಟು ಕೆಲಸ ಮಾಡಬಲ್ಲದು.

ಕಡತ ಎಲ್ಲಿ, ಹೇಗೆ ನಿಂತಿತು ಎಂಬುದರಲ್ಲೇ ರೋಗದ ಗುರುತು ಇರುತ್ತದೆ. ಪ್ರತಿಸಲವೂ 4 ಜಿಬಿಗೆ ಸರಿಯಾಗಿ ನಿಂತರೆ ನೆಟ್‌ವರ್ಕನ್ನು ದೂರಬೇಡಿ. ಡಿಸ್ಕ್ ಹಳೆಯ ಫ್ಯಾಟ್32 ವಿಧಾನದಲ್ಲಿದೆಯೇ ನೋಡಿ, ಅದಕ್ಕಿಂತ ದೊಡ್ಡ ಕಡತಕ್ಕೆ ಅಲ್ಲಿ ಜಾಗವಿಲ್ಲ. ಲಾಗಿನ್ ಆಗುತ್ತದೆ, ಪಟ್ಟಿ ಕಾಣುತ್ತದೆ, ಆದರೆ ದೊಡ್ಡ ಕಡತ ಶುರುವಾದ ಕೂಡಲೇ ಸ್ತಬ್ಧವಾಗುತ್ತದೆ ಎಂದರೆ ಪ್ಯಾಕೆಟ್ಟಿನ ಗಾತ್ರವನ್ನು ಅನುಮಾನಿಸಬೇಕು. ಈಥರ್‌ನೆಟ್‌ನ ವಾಡಿಕೆಯ ಮಿತಿ 1,500 ಬೈಟ್. ವಿಪಿಎನ್ ದಾರಿಯಲ್ಲಿ ಅದಕ್ಕೂ ಕಡಿಮೆ. ‘ಇಷ್ಟು ದೊಡ್ಡದು ಇಲ್ಲಿ ಹಿಡಿಸದು’ ಎಂದು ರೂಟರ್ ಹಿಂದಕ್ಕೆ ಕಳಿಸುವ ಐಸಿಎಂಪಿ ಸಂದೇಶವನ್ನು, ಭದ್ರತೆಯ ಹೆಸರಿನಲ್ಲಿ ಫೈರ್‌ವಾಲ್ ತಡೆದಿದ್ದರೆ ಕಳಿಸುವವನಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಎಫ್‌ಟಿಪಿಯಲ್ಲಿ ಕಡತ ಪೂರ್ತಿ ಹೋದ ಮೇಲೆ ಕೊನೆಯಲ್ಲಿ ಸಂಪರ್ಕ ಕಡಿಯುತ್ತದೆಯೇ? ಕಡತ ಸಾಗಿಸುವ ಆ ವಿಧಾನ ಎರಡು ಸಂಪರ್ಕ ಬಳಸುತ್ತದೆ: ಕಡತಕ್ಕೆ ಒಂದು, ಆದೇಶಕ್ಕೆ ಒಂದು. ಮೊದಲನೆಯದು ಗಂಟೆಗಟ್ಟಲೆ ದುಡಿಯುವಾಗ ಎರಡನೆಯದು ಸುಮ್ಮನಿರುತ್ತದೆ; ಸುಮ್ಮನಿರುವುದನ್ನು ಫೈರ್‌ವಾಲ್ ಸತ್ತಿದೆ ಎಂದುಕೊಂಡು ಮರೆತುಬಿಡುತ್ತದೆ. ಮೊದಲು ಭರದಿಂದ ಓಡಿ ಆಮೇಲೆ ತೆವಳುವ ಕಡತ ಬೇರೆಯದನ್ನೇ ಹೇಳುತ್ತದೆ: ಆರಂಭದ ಓಟ ಮೆಮೊರಿಯದು, ಆಮೇಲಿನ ನಡಿಗೆ ಡಿಸ್ಕಿನ ನಿಜವಾದ ಬಲ. ಇನ್ನು, ಸರ್ವರಿನ ಪರದೆ ಜೀವಂತವಾಗಿದ್ದು ನೆಟ್‌ವರ್ಕಿನಿಂದ ಮಾತ್ರ ಅದು ಮಾಯವಾಗಿದ್ದರೆ ಕಾರ್ಡು ಮತ್ತು ಅದರ ಡ್ರೈವರನ್ನು ವಿಚಾರಿಸಬೇಕು. ಲಿನಕ್ಸ್ ಆದರೆ ‘ಟ್ರಾನ್ಸ್‌ಮಿಟ್ ಕ್ಯೂ ಟೈಮ್ಡ್ ಔಟ್’ ಎಂಬ ಸಾಲು ಲಾಗಿನಲ್ಲಿ ಸಿಗಬಹುದು. ಪ್ಯಾಕೆಟ್ ಕತ್ತರಿಸುವ ಕೆಲಸವನ್ನು ಪ್ರೊಸೆಸರಿನಿಂದ ಕಾರ್ಡಿಗೆ ವಹಿಸುವ ‘ಆಫ್‌ಲೋಡ್’ ಸೌಲಭ್ಯಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಬೇಕು. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಗುಣವಾದರೂ ಯಾವ ಔಷಧ ತಾಗಿತೆಂದು ತಿಳಿಯುವುದಿಲ್ಲ.

ಕಡತ ನಿಲ್ಲುವುದಕ್ಕಿಂತ ಭಯಪಡಬೇಕಾದ ಸಂಗತಿ ಇನ್ನೊಂದಿದೆ: ಕೆಟ್ಟ ಕಡತ ‘ಯಶಸ್ವಿಯಾಗಿ’ ತಲುಪುವುದು. ಟಿಸಿಪಿ ತನ್ನ ಸರಕನ್ನು ಪರೀಕ್ಷಿಸಲು ಇಟ್ಟುಕೊಂಡಿರುವುದು ಬರೀ 16 ಬಿಟ್‌ನ ಮೊತ್ತ. 2000ದಲ್ಲಿ ಸಂಶೋಧಕರಾದ ಜೊನಾಥನ್ ಸ್ಟೋನ್ ಮತ್ತು ಕ್ರೇಗ್ ಪಾರ್ಟ್ರಿಜ್ ನಿಜವಾದ ಜಾಲಗಳನ್ನು ಅಳೆದು, 1.6 ಕೋಟಿಯಿಂದ 1,000 ಕೋಟಿ ಪ್ಯಾಕೆಟ್‌ಗಳಲ್ಲಿ ಒಂದು ಈ ಪರೀಕ್ಷೆಯ ಕಣ್ಣು ತಪ್ಪಿಸಿ ಕೆಟ್ಟೇ ತಲುಪಬಹುದು ಎಂದು ಅಂದಾಜಿಸಿದರು. ನಮ್ಮ 100 ಜಿಬಿ ಕಡತವನ್ನು ಆ ಲೆಕ್ಕದ ಕೆಟ್ಟ ತುದಿಯಲ್ಲಿಟ್ಟು ನೋಡಿದರೆ ನಾಲ್ಕು ಕಡೆ ಹುಳುಕು. ದೋಷದ ಯಂತ್ರ ದಾರಿಯಲ್ಲಿದ್ದಷ್ಟೂ ಈ ಅಪಾಯ ಹೆಚ್ಚು. ಸ್ಕ್ಯಾನ್ ಮಾಡಿಟ್ಟ ಹಳೆಯ ಭೂದಾಖಲೆ, ರೋಗಿಯ ಸಿ.ಟಿ. ಚಿತ್ರ, ಡಿಜಿಟಲ್ ರೂಪಕ್ಕೆ ಬಂದ ಅಪರೂಪದ ಕನ್ನಡ ಪುಸ್ತಕ, ಇವುಗಳಲ್ಲಿ ಯಾವುದರ ಪುಟದಲ್ಲಿ ಆ ಹುಳುಕು ಕೂತಿದೆ ಎಂಬುದು ಹತ್ತು ವರ್ಷದ ನಂತರ ತೆರೆದಾಗಲೇ ಗೊತ್ತಾಗುವುದು. ಆದ್ದರಿಂದ ಕಳಿಸಿದ ಕಡೆಯೂ ತಲುಪಿದ ಕಡೆಯೂ ಎಸ್‌ಎಚ್‌ಎ-256 ಮೊತ್ತ ತೆಗೆದು ತಾಳೆ ನೋಡಬೇಕು. ತಾಳೆಯಾಗುವ ತನಕ ಮೂಲವನ್ನು ಅಳಿಸಬಾರದು.

ಪದೇ ಪದೇ ನಿಲ್ಲುವ ಬ್ಯಾಕಪ್ಪಿನ ಗತಿಯೂ ಊಹಿಸಬಹುದಾದದ್ದೇ. ಮೊದಲು ವಾರಕ್ಕೊಮ್ಮೆ ಆಗುತ್ತದೆ, ಆಮೇಲೆ ‘ಗಾತ್ರ ಜಾಸ್ತಿ, ಆಗೋದಿಲ್ಲ’ ಎಂದು ಕೈಬಿಡಲಾಗುತ್ತದೆ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಾಗ ನೌಕರರ ಕಡತಗಳಿದ್ದ ‘ಜಿ-ಡ್ರೈವ್’ನ 858 ಟಿಬಿ ಸುಟ್ಟುಹೋಯಿತು. ಗಾತ್ರ ದೊಡ್ಡದೆಂಬ ಕಾರಣಕ್ಕೆ ಹೊರಗೆಲ್ಲೂ ಅದರ ಬ್ಯಾಕಪ್ ಇರಲಿಲ್ಲ. ತಂತ್ರಜ್ಞಾನದಲ್ಲಿ ಅಷ್ಟು ಮುಂದಿರುವ ದೇಶಕ್ಕೇ ಹೀಗಾಗಬಹುದಾದರೆ, ದಾಖಲೆಗಳನ್ನು ಈಗ ರಾಶಿ ರಾಶಿಯಾಗಿ ಸ್ಕ್ಯಾನ್ ಮಾಡುತ್ತಿರುವ ನಾವು ಎಷ್ಟು ಎಚ್ಚರದಿಂದಿರಬೇಕು!

ನಾವು ಕೇಳುವುದು ದುಬಾರಿಯದೇನಲ್ಲ. ರೀಸ್ಟಾರ್ಟ್‌ಗೆ ಮುಂಚೆ ಐದು ನಿಮಿಷ ತಡೆಯಿರಿ. ಎಷ್ಟು ಗಂಟೆಗೆ, ಎಷ್ಟು ದೊಡ್ಡ ಕಡತ, ಎಷ್ಟು ಹೋದ ಮೇಲೆ ನಿಂತಿತು ಎಂದು ಒಂದು ಪುಸ್ತಕದಲ್ಲಿ ಬರೆಯಿರಿ. ಲಾಗನ್ನೂ ಸ್ವಿಚ್ಚಿನ ಪೋರ್ಟು ಎಣಿಸಿರುವ ದೋಷಗಳನ್ನೂ ನಕಲು ಮಾಡಿಕೊಳ್ಳಿ. ಲಾಗುಗಳನ್ನು 180 ದಿನ ಕಾಯ್ದಿಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಹೇಳಿದೆ. ಆದರೆ ಇಟ್ಟದ್ದನ್ನು ಓದುವ ಕಣ್ಣೂ ಬೇಕು. ಡಿಸ್ಕನ್ನು ಬದಿಗಿಟ್ಟು ‘ಐಪರ್ಫ್’ ಎಂಬ ತಂತ್ರಾಂಶದಿಂದ ನೆಟ್‌ವರ್ಕನ್ನಷ್ಟೇ ಅಳೆಯಿರಿ, ನೆಟ್‌ವರ್ಕನ್ನು ಬದಿಗಿಟ್ಟು ಡಿಸ್ಕನ್ನಷ್ಟೇ ಅಳೆಯಿರಿ. ತಿಂಗಳಿಗೊಂದು ರಾತ್ರಿ ಬೇಕೆಂದೇ ದೊಡ್ಡ ಕಡತವೊಂದನ್ನು ಸಾಗಿಸಿ, ತಗುಲಿದ ಸಮಯವನ್ನು ಹಿಂದಿನ ತಿಂಗಳಿನದರ ಪಕ್ಕದಲ್ಲಿ ಬರೆದಿಡಿ. ನಿರ್ವಹಣೆಯ ಗುತ್ತಿಗೆ ಹಿಡಿದವರಿಂದ ‘ರೀಸ್ಟಾರ್ಟ್ ಮಾಡಲಾಗಿದೆ’ ಎಂಬ ವರದಿಯನ್ನು ಒಪ್ಪಿಕೊಳ್ಳಬೇಡಿ, ಕಾರಣ ಕೇಳಿ. ದೋಷ ಬರೆದಿಟ್ಟ ಹುಡುಗನನ್ನು ಮೇಲಿನವರು ಗದರಬಾರದು. ಗದರಿದರೆ ಮುಂದಿನ ಸಲ ಪುಟ ಖಾಲಿ ಇರುತ್ತದೆ.

ನಮ್ಮ ಹಳ್ಳಿಗಳಲ್ಲಿ ಕೆರೆಗೆ ನೀರುಗಂಟಿ ಇರುತ್ತಿದ್ದ. ತೂಬು ತೆಗೆದು ಮುಚ್ಚುವುದರ ಜೊತೆಗೆ, ಮಳೆ ಹೆಚ್ಚಾದ ರಾತ್ರಿ ಏರಿಯ ಮೇಲೆ ನಡೆದು ಎಲ್ಲಿ ತೇವ ಕಂಡಿತೆಂದು ಊರಿಗೆ ಹೇಳುವುದೂ ಅವನ ಕೆಲಸ. ಒಸರು ಕಂಡ ರಾತ್ರಿ ಒಂದೆರಡು ಬುಟ್ಟಿ ಮಣ್ಣಿಗೆ ಮುಗಿಯುವ ಕೆಲಸ, ಏರಿ ಒಡೆದ ಬೆಳಿಗ್ಗೆ ಊರಿಡೀ ಸೇರಿದರೂ ಮುಗಿಯದು. ಪ್ರತಿ ಸರ್ವರಿಗೂ ಅಂಥ ಒಬ್ಬರನ್ನು ಹೆಸರು ಹಿಡಿದು ನೇಮಿಸಿ. ನಿನ್ನೆ ರಾತ್ರಿ ನಿಮ್ಮ ಕಚೇರಿಯ ಬ್ಯಾಕಪ್ ಎಲ್ಲಿ ನಿಂತಿತು ಎಂಬ ಪ್ರಶ್ನೆಗೆ ಅವರ ಪುಸ್ತಕದಲ್ಲಿ ಉತ್ತರ ಇರಲಿ.