ಮ್ಯಾಲಿನವರು ಯಾರು?

ಮುಳಗುಂದದಿಂದ ಗದಗಕ್ಕೆ ಹೊರಟ ಬಸ್ಸಿನಲ್ಲಿ ಈ ವಾರ ಹಿರಿಯ ರೈತರೊಬ್ಬರು ಪಕ್ಕದಲ್ಲಿ ಕುಳಿತಿದ್ದರು. ಹೆಸರಿನ ಬೆಳೆವಿಮೆ ಬಂದಿಲ್ಲವೆಂದು ಶಾಸಕರೊಬ್ಬರ ಮನೆಗೆ ಹೋಗಿಬಂದಿದ್ದರಂತೆ. ಸಿಕ್ಕ ಉತ್ತರ: "ಮ್ಯಾಲಿನವರ ಜೋಡಿ ಮಾತಾಡತೀನಿ." ಯಾವ ಕ್ಷೇತ್ರವೆಂದು ಬರೆಯುವುದಿಲ್ಲ. ಎಲ್ಲಿ ಹೋದರೂ ಉತ್ತರ ಇದೇ. "ಓಟು ಹಾಕಿದವ್ರು ನಾವು. ನಮಗಿಂತ ಮ್ಯಾಲಿನವ್ರು ಯಾರ್ರೀ?" ಎಂದು ಅವರು ನನ್ನನ್ನೇ ಕೇಳಿದರು. ಆ ಮಾತಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು.

ಮ್ಯಾಲಿನವರಿಗೆ ಎದುರು ನಿಂತ ಶಾಸಕರೂ ಇಲ್ಲಿದ್ದರು. ಹುಲಕೋಟಿಯ ಕೆ.ಎಚ್. ಪಾಟೀಲರು 1967ರಲ್ಲಿ ಗದಗದಿಂದ ವಿಧಾನಸಭೆಗೆ ಹೋದದ್ದು ಪಕ್ಷೇತರರಾಗಿ. ಆಮೇಲೆ ಕಾಂಗ್ರೆಸ್ಸಿನಿಂದ ಗೆದ್ದರು, ಪಕ್ಷದ ರಾಜ್ಯಾಧ್ಯಕ್ಷರೂ ಆದರು. ಆ ಕುರ್ಚಿಯಲ್ಲಿ ಕುಳಿತೇ ಮುಖ್ಯಮಂತ್ರಿ ದೇವರಾಜ ಅರಸರಿಗೆ ಎದುರಾದರು. ಪಕ್ಷ ಒಡೆದಾಗ ಇಂದಿರಾ ಗಾಂಧಿಯವರ ಕಡೆ ವಾಲಲಿಲ್ಲ. 1978ರಲ್ಲಿ ಸೋತರು, 1985ರಲ್ಲಿ ಅದೇ ಗದಗದ ಜನ ಮತ್ತೆ ಆರಿಸಿದರು. ಪಾಟೀಲರ ಮತ್ತು ಅರಸರ ಆ ಜಗಳದಲ್ಲಿ ನಾನು ಅರಸರ ಪರ. ಅವರ ಭೂಸುಧಾರಣೆಯಿಂದ ಹೊಲ ಕಂಡ ಮನೆಗಳ ನಡುವೆ ಬೆಳೆದವನು ನಾನು. ಆದರೂ ಸೋಲು ಎದುರಿಗಿದ್ದಾಗ ಜಾಗ ಬಿಡದ ಮನುಷ್ಯನಿಗೆ ಕೈ ಮುಗಿಯುತ್ತೇನೆ.

ಆ ಎದೆಗಾರಿಕೆ ಎಲ್ಲಿಂದ ಬಂತು? ಹಿಂದೆಯೂ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಸೊಸೈಟಿಯಿಂದ. ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ. ಹತ್ತಿ ಬೆಳೆದವರೇ ಪಾಲುದಾರರಾಗಿ ಹುಲಕೋಟಿಯಲ್ಲಿ ನೂಲಿನ ಗಿರಣಿ ಕಟ್ಟಿದರು. ಪಾಟೀಲರು ಬೆಳೆದದ್ದು ಆ ಸಹಕಾರದ ಕೆಲಸದಲ್ಲಿ. ನಮ್ಮ ಕಾಕಾ ಒಮ್ಮೆ ಊರ ಸೊಸೈಟಿಯ ಸಭೆಯಲ್ಲಿ ಹನ್ನೊಂದು ಚೀಲ ಗೊಬ್ಬರದ ಲೆಕ್ಕ ಸಿಗುವವರೆಗೆ ಅಧ್ಯಕ್ಷರನ್ನು ಊಟಕ್ಕೆ ಏಳಗೊಡಲಿಲ್ಲ. ಅಂಥ ಸಭೆಯಲ್ಲಿ ಪಳಗಿದವನಿಗೆ ಮುಖ್ಯಮಂತ್ರಿಯ ಮುಂದೆ ನಾಲಿಗೆ ತೊದಲುವುದಿಲ್ಲ. ಪಕ್ಷದ ಬಿ ಫಾರಂ ಒಂದನ್ನೇ ನಂಬಿ ಬಂದವನಿಗೆ ಅದನ್ನು ಕೊಟ್ಟ ಕೈಯಷ್ಟೇ ಕಾಣುತ್ತದೆ.

ಹಾಗಂತ ಪಕ್ಷೇತರನೆಂದ ಮಾತ್ರಕ್ಕೆ ಸ್ವತಂತ್ರನೂ ಅಲ್ಲ. 2019ರಲ್ಲಿ ಮುಳಬಾಗಿಲಿನ ಪಕ್ಷೇತರ ಶಾಸಕರು ಜನವರಿಯಲ್ಲಿ ಸರ್ಕಾರಕ್ಕೆ ಕೊಟ್ಟ ಬೆಂಬಲ ಹಿಂಪಡೆದು, ಜೂನ್‌ನಲ್ಲಿ ಅದೇ ಸರ್ಕಾರದ ಮಂತ್ರಿಯಾಗಿ, ಜುಲೈನಲ್ಲಿ ಮತ್ತೆ ಹೊರನಡೆದದ್ದನ್ನು ನೋಡಿದ್ದೇವೆ.

ಮ್ಯಾಲಿನವರಿಗೆ ಯಾಕೆ ಹೆದರುತ್ತೀರೆಂದು ಶಾಸಕರನ್ನು ಕೇಳಿದರೆ 1985ರ ಪಕ್ಷಾಂತರ ನಿಷೇಧ ಕಾಯ್ದೆ ತೋರಿಸುತ್ತಾರೆ. ಆದರೆ ಆ ಕಾಯ್ದೆಯಡಿ ಪಕ್ಷದ ವಿಪ್ ಕಟ್ಟಿಹಾಕುವುದು ಮತವನ್ನು. ವಿಮೆ ಯಾಕೆ ಬಂದಿಲ್ಲವೆಂದು ಸದನದಲ್ಲಿ ಎದ್ದು ಕೇಳಲು ಯಾವ ವಿಪ್ಪೂ ಅಡ್ಡಿಯಿಲ್ಲ. ಅಷ್ಟೂ ಆಗದಿದ್ದರೆ ಆ ಮ್ಯಾಲಿನವರ ಫೋನ್ ನಂಬರನ್ನು ಬಸ್ಸಿನ ಆ ಹಿರಿಯರಿಗೆ ಕೊಟ್ಟುಬಿಡಿ, ಶಾಸಕರೇ. ನೇರವಾಗಿ ಅವರೇ ಮಾತಾಡುತ್ತಾರೆ. ನಡುವೆ ನೀವ್ಯಾಕೆ?